ಪ್ಲೈ ಸಂಖ್ಯೆಯೊಂದೇ ಸಾಲದು

ಭಾರ ಹೊರುವ ಲಾರಿಗೆ ಹೆಚ್ಚು ಪ್ಲೈ (ಟೈರಿಗೆ ಬಲ ಕೊಡುವ ಒಳಗಿನ ಪದರ) ಇರುವ ಟೈರ್ ಹಾಕಿಸಿದರೆ ಚಿಂತೆಯಿಲ್ಲ ಎಂದು ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಮಾತ್ರ ಒಪ್ಪುತ್ತೇನೆ. ನಾನು ದಾವಣಗೆರೆಯಿಂದ ಮೆಕ್ಕೆಜೋಳ ಸಾಗಿಸುವ ಲಾರಿಯವನು. ಟೈರಿನ ಪಕ್ಕದಲ್ಲಿ 146/143 ಎಂಬಂತೆ ಅಚ್ಚಾಗಿರುತ್ತದಲ್ಲ, ಅದನ್ನು ಓದುವವರೇ ಕಡಿಮೆ. ಅದು ಟೈರ್ ಎಷ್ಟು ಭಾರ ಹೊರಬಲ್ಲದು ಎಂಬುದರ ಸಂಕೇತ. ಮೊದಲನೆಯದರ ಅರ್ಥ ಟೈರ್ ಒಂಟಿಯಾಗಿದ್ದರೆ 3,000 ಕೆ.ಜಿ.; ಎರಡನೆಯದು, ಹಿಂದೆ ಒಂದೇ ಬದಿಯಲ್ಲಿ ಅಕ್ಕಪಕ್ಕ ಕೂರುವ ಜೋಡಿಯಲ್ಲಿದ್ದರೆ ತಲಾ 2,725 ಕೆ.ಜಿ. ಅದೂ ಕಂಪನಿ ಹೇಳಿದಷ್ಟು ಗಾಳಿ ಇದ್ದರೆ.

ಜೋಡಿಯ ವಿಷಯವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಕಳೆದ ಬೇಸಿಗೆಯಲ್ಲಿ ಹಣ ಉಳಿಸಲು ಹೋಗಿ ಸವೆದ ಟೈರಿನ ಪಕ್ಕಕ್ಕೆ ಹೊಸದೊಂದನ್ನು ಹಾಕಿಸಿದೆ. ಎತ್ತರವಿದ್ದ ಹೊಸದೇ ಹೆಚ್ಚು ಭಾರ ಹೊತ್ತು, ಕಾದು, ಹಿರಿಯೂರು ತಲುಪುವ ಮೊದಲೇ ಸಿಡಿಯಿತು. ಮಟಮಟ ಮಧ್ಯಾಹ್ನ ಹೆದ್ದಾರಿಯ ಪಕ್ಕದಲ್ಲಿ ಜಾಕ್ ಹಿಡಿದು ಕುಳಿತ ನನ್ನನ್ನು ಕ್ಲೀನರ್ ಹುಡುಗ ನೋಡಿದ ನೋಟ ಇನ್ನೂ ನೆನಪಿದೆ. ಆಗಲೇ ನಾನು ಸಿಡಿದ ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ, ತಯಾರಾದ ವಾರ-ವರ್ಷ ಹೇಳುವ ನಾಲ್ಕಂಕಿಯನ್ನು ಗಮನಿಸಿದ್ದು: 2319. ಅಂದರೆ 2019ರ 23ನೇ ವಾರದಲ್ಲಿ ತಯಾರಾದ ಸರಕು! ಅಂಗಡಿಯವರು ಹೊಸದೆಂದೇ ಕೊಟ್ಟಿದ್ದರು. ಓದದೆ ದುಡ್ಡು ಎಣಿಸಿದ್ದು ನನ್ನ ತಪ್ಪು.

ಈಗ ಜೋಡಿಯನ್ನು ಒಟ್ಟಿಗೇ ಬದಲಿಸುತ್ತೇನೆ, ಒಳರಚನೆ ಬೇರೆಬೇರೆಯಾದ ರೇಡಿಯಲ್ ಮತ್ತು ನೈಲಾನ್ ಟೈರುಗಳನ್ನು ಬೆರೆಸುವುದಿಲ್ಲ. ರೀಟ್ರೆಡ್ ಮಾಡಿಸಿದ್ದು, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಮೇಲ್ಪದರ ಹಾಕಿಸಿದ್ದು, ಹಿಂದಿನ ಚಕ್ರಗಳಿಗೆ ಮಾತ್ರ.