ಪರ–ವಿರೋಧ: ಡೆಂಗಿ ತಡೆಯಲು ಮೊದಲು ನಕ್ಷೆ ಬೇಕಾ?

ಪರ: ಎಲ್ಲಿ ಅಂತ ಗೊತ್ತಿದ್ದರೆ ಬೆಳೆ ಉಳಿಯುತ್ತಿತ್ತು

ಶಿಡ್ಲಘಟ್ಟದ ಕಡೆ ಹೊಗೆ ಯಂತ್ರದ ಸದ್ದು ಕೇಳಿದರೆ ರೇಷ್ಮೆ ಸಾಕುವವರ ಎದೆ ಝಲ್ಲೆನ್ನುತ್ತದೆ. ಸೊಳ್ಳೆ ಕೊಲ್ಲುವ ಔಷಧಿ ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಒಂದು ವರ್ಷ ನಮ್ಮ ಬೀದಿಗೂ ಹೊಡೆದರು. ನಮ್ಮ ಬೀದಿಯಲ್ಲಿ ಯಾರಿಗೂ ಡೆಂಗಿ ಇರಲಿಲ್ಲ. ಹುಳು ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. (ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ.) ಅಮ್ಮ ಗೋಣಿಚೀಲ ಒದ್ದೆ ಮಾಡಿ ಕಿಟಕಿಗೆ ಕಟ್ಟಿದಳು. ಬೆಳಿಗ್ಗೆ ನೋಡಿದರೆ ಸೊಪ್ಪು ಹಾಗೇ ಇತ್ತು. ಹುಳುಗಳು ಹಸಿರು ನೀರು ಕಕ್ಕಿ ಬಿದ್ದಿದ್ದವು. ಹುಳು ಗೂಡು ಕಟ್ಟುವ ಚಂದ್ರಿಕೆಗೆ ಹಾಕಲು ನಾಲ್ಕೇ ದಿನ ಉಳಿದಿತ್ತು. 150 ಮೊಟ್ಟೆಯ ಬೆಳೆ. (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನುತ್ತೇವೆ.) ಅಮ್ಮ ಎರಡು ದಿನ ಹುಳು ಸಾಕುವ ಮನೆಯೊಳಗೆ ಕಾಲಿಡಲಿಲ್ಲ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಸಾಮಾನ್ಯವಾಗಿ 400 ಮೀಟರ್ ದಾಟಿ ಹಾರುವುದಿಲ್ಲ. ಜ್ವರ ಬಂದ ಮನೆ, ತೆರೆದ ತೊಟ್ಟಿ, ಹಳೇ ಟೈರಿನ ರಾಶಿ, ಮಳೆಯ ಲೆಕ್ಕ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಇಟ್ಟರೆ ಯಾವ ಬೀದಿಗೆ ಹೋಗಬೇಕು ಅಂತ ಕಾಣುತ್ತದೆ. ಯಾವ ಬೀದಿಯನ್ನು ಬಿಡಬೇಕು ಅಂತಲೂ ಕಾಣುತ್ತದೆ. 2023ರಲ್ಲಿ ನಮ್ಮ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ, ಇದೇ ಈಡಿಸ್ ಹರಡುವ ಝೀಕಾ ವೈರಸ್ ಸಿಕ್ಕಿತಲ್ವಾ? ಆಗ ಸುತ್ತಲಿನ 5 ಕಿ.ಮೀ. ಒಳಗಿನ ಹಳ್ಳಿಗಳ ಮೇಲೆ ನಿಗಾ ಇಟ್ಟರು. ಜಿಲ್ಲೆಯೆಲ್ಲ ಅಲೆಯಲಿಲ್ಲ. 1854ರಲ್ಲಿ ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಕಾಲರಾದಿಂದ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ, ಹೆಚ್ಚಿನ ಗುರುತುಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಕೂಡಿದ್ದವು.

ನಕ್ಷೆ ಅಂದರೆ ಕಚೇರಿಯವರ ಆಟ ಅನ್ನುವವರು ಒಂದು ಬೆಳೆ ಕಳೆದುಕೊಂಡು ನೋಡಲಿ.

ವಿರೋಧ: ಮೊದಲು ನೀರು ಬರಲಿ

ವಿರೋಧ ಬರೆಯಿರಿ ಅಂದರು. ನಕ್ಷೆಯೇ ಬೇಡ ಅಂತ ನಾನು ಹೇಳಲಾರೆ. 'ಮೊದಲು' ಅನ್ನುವ ಮಾತಿಗೆ ಮಾತ್ರ ನನ್ನ ತಕರಾರು.

ನಮ್ಮ ಓಣಿಗೆ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ನೀರು ಬರುತ್ತದೆ. ಡ್ರಮ್ಮು ತುಂಬಿಸಿ ಇಡದೆ ಏನು ಮಾಡುವುದು? ಅದರಲ್ಲಿ ಮೊಟ್ಟೆ ಸೊಳ್ಳೆಯಾಗಲು 8–10 ದಿನ ಸಾಕು. ಇಷ್ಟು ತಿಳಿಯಲು ಉಪಗ್ರಹದ ಚಿತ್ರ ಯಾಕೆ? ಬಣ್ಣದ ಚುಕ್ಕೆ ಜಾಸ್ತಿ ಇಟ್ಟರೆ ನಲ್ಲಿಯಲ್ಲಿ ನೀರು ಬರುವುದಿಲ್ಲ.

ಜಾನ್ ಸ್ನೋ ಮನೆ ಮನೆಗೆ ಹೋಗಿ, ನೀರು ಎಲ್ಲಿಂದ ತಂದಿರಿ ಅಂತ ಕೇಳಿದ್ದರು. ಜನ ಆ ನೀರು ತುಂಬದಂತೆ ಪಂಪಿನ ಹಿಡಿ ತೆಗೆದದ್ದು ಸೆಪ್ಟೆಂಬರಿನಲ್ಲಿ. ಆ ಹೆಸರಾದ ನಕ್ಷೆ ಜನರ ಮುಂದೆ ಬಂದದ್ದು ಆಮೇಲೆ.

ರೇಷ್ಮೆಹುಳು ಸತ್ತದ್ದು ಹೊಗೆ ಹೊಡೆದವರ ತಪ್ಪು, ಆ ಮಾತು ಬೇರೆ. ನಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಯಾರ ಮನೆಯ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳ ಇದೆ ಅಂತ ಬಾಯಿಪಾಠ. ಕತ್ತಲೆ ಬಚ್ಚಲಲ್ಲಿ ತನ್ನದೇ ಮೊಬೈಲಿನ ಬೆಳಕು ಬಿಟ್ಟು ಡ್ರಮ್ಮು ನೋಡುತ್ತಾಳೆ. ನಕ್ಷೆಗೆ ದುಡ್ಡು ಇಡುವ ಮುಂಚೆ ಅವಳಿಗೊಂದು ಟಾರ್ಚು ಕೊಡಿ.