ಅರವತ್ತನಾಲ್ಕು ವಿದ್ಯೆ ಬಲ್ಲ ಪೆಟ್ಟಿಗೆ

ತುಮಕೂರು ಜಿಲ್ಲೆಗೆ ಚಿರತೆ ಹೊಸದಲ್ಲ. ಆದರೆ ಕಳೆದ ವಾರ ಬಟವಾಡಿಯಲ್ಲಿರುವ ನನ್ನ ಭಾವಮೈದುನನ ಮನೆಗೆ ಬಂದದ್ದು ಅದರ ಅಮೆರಿಕದ ದಾಯಾದಿ. ಬೋನಿನಲ್ಲಲ್ಲ, ರಟ್ಟಿನ ಡಬ್ಬದಲ್ಲಿ.

ಹೆಸರು ಅಟಾರಿ ಜಾಗ್ವಾರ್. 1993ರಲ್ಲಿ ಈ ವಿಡಿಯೊ ಗೇಮ್ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಾಗ ಅಟಾರಿ ಕಂಪನಿ ಇದನ್ನು 64 ಬಿಟ್ ಯಂತ್ರವೆಂದು ಸಾರಿತು. (ಯಂತ್ರ ಒಂದೇ ಸಲಕ್ಕೆ ಎಷ್ಟು ಮಾಹಿತಿ ನಿಭಾಯಿಸುತ್ತದೆ ಎಂಬುದರ ಅಳತೆ ಬಿಟ್.) ನಂಬದವರಿಗೆ ‘ಲೆಕ್ಕ ಹಾಕಿ ನೋಡಿ’ ಎಂದು ಜಾಹೀರಾತಿನಲ್ಲೇ ಸವಾಲು ಹಾಕಿತು.

ಹಾಕಿದೆವು. ಒಳಗಿನ ಎರಡು ಮುಖ್ಯ ಚಿಪ್‌ಗಳ ಹೆಸರು ಟಾಮ್ ಮತ್ತು ಜೆರ್ರಿ. (ನನ್ನ ತಮಾಷೆಯಲ್ಲ, ನಾಮಕರಣ ಮಾಡಿದ್ದು ಅವರೇ.) ಟಾಮ್‌ನಲ್ಲಿ 32 ಬಿಟ್‌ನ ಒಂದು ಪ್ರೊಸೆಸರ್, ಜೆರ್ರಿಯಲ್ಲಿ 32 ಬಿಟ್‌ನ ಇನ್ನೊಂದು. ಇವೆರಡರ ಜೊತೆಗೆ 1979ರ ಕಾಲದ ಮೊಟೊರೋಲಾ 68000 ಎಂಬ ಮೂರನೇ ಪ್ರೊಸೆಸರ್. ಎತ್ತು ಏರಿಗೆ, ಕೋಣ ನೀರಿಗೆ. 64 ಎಂಬುದು ಪೂರ್ತಿ ಸುಳ್ಳಲ್ಲ. ಮಾಹಿತಿ ಓಡಾಡುವ ದಾರಿ 64 ಬಿಟ್ ಅಗಲವಿತ್ತು, ಚಿತ್ರ ತುಂಬುವ ಕೆಲವು ಭಾಗಗಳೂ ಹಾಗೆಯೇ. ಆದರೂ ಎಂಟನೇ ತರಗತಿಯ ಎಂಟು ಹುಡುಗರನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಅದನ್ನು ಅರವತ್ತನಾಲ್ಕನೇ ತರಗತಿ ಎಂದು ಕರೆಯುವ ಧೈರ್ಯ ನಮ್ಮ ಟ್ಯೂಷನ್ ಸೆಂಟರ್‌ಗಳಿಗೂ ಇನ್ನೂ ಬಂದಿಲ್ಲ.

ಭಾವಮೈದುನ ಹಾಕಿದ ಆಟ 1994ರ ‘ಚೆಕರ್ಡ್ ಫ್ಲ್ಯಾಗ್’. ಫಾರ್ಮುಲಾ ಒನ್ ಮಾದರಿಯ ಕಾರುಗಳು. ಅದಕ್ಕೂ ಎರಡು ವರ್ಷ ಮೊದಲೇ ಸೆಗಾ ಕಂಪನಿ ‘ವರ್ಚುವಾ ರೇಸಿಂಗ್’ ಆಟದಲ್ಲಿ ದೃಶ್ಯ ಕಟ್ಟುವ ಬಹುಭುಜಾಕೃತಿಗಳನ್ನು ನೀರಿನಂತೆ ಹರಿಸಿ ತೋರಿಸಿತ್ತು. ಇಲ್ಲಿ ಅದೇ ಬಹುಭುಜಗಳಿಗೆ ಭುಜವೆಲ್ಲ ನೋವು; ದೃಶ್ಯ ತೆವಳುತ್ತದೆ. ಸ್ಟೀರಿಂಗ್ ಕಥೆ ಇನ್ನೂ ಸೊಗಸು. ಎಡಗುಂಡಿಯನ್ನು ಸವರಿದರೆ ಸಾಕು, ಕಾರು ಎಡಕ್ಕೆ ತಿರುಗುವುದಿಲ್ಲ, ಎಡಪಕ್ಷವನ್ನೇ ಸೇರಿಬಿಡುತ್ತದೆ. ಸರಿಪಡಿಸಲು ಬಲಗುಂಡಿ ಒತ್ತಿದರೆ ತಕ್ಷಣ ಪಕ್ಷಾಂತರ. ಯಾವ ಶಾಸಕನೂ ಐದು ವರ್ಷದಲ್ಲಿ ಮಾಡದಷ್ಟು ಪಕ್ಷಾಂತರವನ್ನು ಒಂದೇ ಸುತ್ತಿನಲ್ಲಿ ಮುಗಿಸಿದ ಅವನ ಕಾರು, ಕೊನೆಗೆ ತಡೆಗೋಡೆಗೆ ಆತುಕೊಂಡು ಸ್ವತಂತ್ರವಾಗಿ ಉಳಿಯಿತು. ಮಳೆ, ಮಂಜು ಬೇಕೆಂದರೆ ಆರಿಸಿಕೊಳ್ಳುವ ಸೌಲಭ್ಯವೂ ಇದೆ. ಬಿಸಿಲಿನಲ್ಲೇ ದಾರಿ ಕಾಣದವನಿಗೆ ಇನ್ನೇನು ಬೇಕು?

ಕಂಟ್ರೋಲರ್ ಮೇಲೆ ದೂರವಾಣಿಯಲ್ಲಿರುವಂತೆ 12 ಗುಂಡಿಗಳ ಫಲಕವಿದೆ. ದೂರು ಕೊಡಲಿಕ್ಕಿರಬೇಕು ಎಂದುಕೊಂಡೆ.

ಇದೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಅವನ ಒದ್ದೆ ಕಣ್ಣು.

“ನಮ್ಮ ಬಾಲ್ಯ ಮರಳಿ ಬಂತು, ಭಾವ!”

ಯಾವ ಬಾಲ್ಯ? 1994ರಲ್ಲಿ ಈ ಪೆಟ್ಟಿಗೆಯ ಹೆಸರನ್ನಾದರೂ ಅವನು ಕೇಳಿದ್ದನೇ? ಅವನ ಬಾಲ್ಯ ಕಳೆದದ್ದು ಊರು ಹೆಸರಿಲ್ಲದ 8 ಬಿಟ್ ನಕಲಿ ಯಂತ್ರದ ಮುಂದೆ. ಅದರ ಕ್ಯಾಸೆಟ್ ಮೇಲೆ ‘9999 ಆಟಗಳು’ ಎಂದು ಅಚ್ಚಾಗಿತ್ತು. ಪಟ್ಟಿಯಲ್ಲಿ ಎಷ್ಟು ಕೆಳಗೆ ಇಳಿದರೂ ಅದೇ ಐದಾರು ಆಟಗಳು ಬೇರೆ ಬೇರೆ ಅಂಗಿ ತೊಟ್ಟು ಎದುರಾಗುತ್ತಿದ್ದವು. ಅಂದು 9999ಕ್ಕೆ ಬಿದ್ದ ಹುಡುಗ, ಇಂದು ಸ್ವಂತ ಸಂಬಳದಲ್ಲಿ 64ಕ್ಕೆ ಬಿದ್ದಿದ್ದಾನೆ. ಅಂಕಿ ಇಳಿದಿರುವುದನ್ನು ಬೇಕಾದರೆ ಪ್ರಗತಿ ಎನ್ನಿ.

ಅಮೆರಿಕದವರು ಅವನಷ್ಟು ಭಾವುಕರಾಗಲಿಲ್ಲ. 1995ರ ಕೊನೆಯವರೆಗೆ ಮಾರಾಟವಾದ ಜಾಗ್ವಾರ್‌ಗಳು ಸುಮಾರು 1,25,000 ಮಾತ್ರ. ಆಮೇಲೆ ಅದರ ಹೊರಕವಚದ ಅಚ್ಚುಗಳನ್ನು ದಂತವೈದ್ಯರಿಗೆ ಉಪಕರಣ ಮಾಡುವ ಕಂಪನಿಯೊಂದು ಕೊಂಡು, ಬಾಯೊಳಗೆ ಇಣುಕುವ ಕ್ಯಾಮೆರಾಕ್ಕೆ ಪೆಟ್ಟಿಗೆ ಮಾಡಿಕೊಂಡಿತು.

ಈ ಸಂಗತಿಯನ್ನು ಸ್ವಲ್ಪ ಸಂತೋಷದಿಂದಲೇ ಅವನ ಕಿವಿಗೆ ಹಾಕಿದೆ. “ನೋಡಪ್ಪ, ಬಾಯಲ್ಲಿ ಹಲ್ಲು ಇರುವುದು 32. ಕೊನೆಗೂ ಸರಿಯಾದ ಲೆಕ್ಕಕ್ಕೆ ಬಂದರು.”

ಅವನು ಗೋಡೆಗೆ ಆತುಕೊಂಡಿದ್ದ ಕಾರನ್ನು ಹಿಂದಕ್ಕೆ ತೆಗೆಯುತ್ತಾ, ತಿರುಗಿಯೂ ನೋಡದೆ ಹೇಳಿದ:

“ಡಾಕ್ಟರ ಹಲ್ಲನ್ನೂ ಸೇರಿಸಿಕೊಳ್ಳಿ, ಭಾವ. ಅರವತ್ತನಾಲ್ಕು.”