ಲಿವರ್ ಇತ್ತು, ಶಾಫ್ಟ್ ಇರಲಿಲ್ಲ

ಎಂಟು ವರ್ಷದ ಹಿಂದಿನ ಒಂದು ಜುಲೈ ರಾತ್ರಿ. ನಮ್ಮ ತೀರ್ಥಹಳ್ಳಿ ಕಡೆಯ ಜುಲೈ ಮಳೆ ಗೊತ್ತಲ್ವಾ, ನಿಲ್ಲುವ ಮಾತೇ ಇಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಅಪ್ಪನಿಗೆ ಉಸಿರು ಕಟ್ಟಿದಂತಾಯಿತು. ಗಾಡಿ ಹತ್ತಿಸಿಕೊಂಡು ಹೊರಟೆವು. ಮನೆಯಿಂದ ಟಾರ್ ರಸ್ತೆಗೆ ಮುಕ್ಕಾಲು ಕಿಲೋಮೀಟರ್. ನಡುವೆ ಒಂದು ಏರು. ಒಂದು ಕಡೆ ಧರೆ, ಇನ್ನೊಂದು ಕಡೆ ತೋಟ. ಏರಿನ ಅರ್ಧಕ್ಕೆ ಹೋಗಿ ಗಾಡಿ ನಿಂತಿತು. ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಕೆಸರು ಎರಚುತ್ತಿತ್ತು. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವ ಫೋರ್ ವೀಲ್ ಲಿವರ್ ಎಳೆದೆ. ಮೀಟರ್ ಮೇಲೆ ದೀಪ ಬಂತು. ಗಾಡಿ ಒಂದಿಂಚು ಮುಂದೆ ಹೋಗಲಿಲ್ಲ. ವೇಗ ಕಡಿಮೆ, ಎಳೆತ ಜಾಸ್ತಿ ಇರುವ ಲೋ ಗೇರಿಗೆ ಹಾಕಿದೆ. ಆಗಲೂ ಅಷ್ಟೆ. ಕೊನೆಗೆ ಪಕ್ಕದ ಮನೆಯವರು ಟ್ರ್ಯಾಕ್ಟರ್ ತಂದು ಎಳೆದರು. ಆಸ್ಪತ್ರೆ ಮುಟ್ಟುವಾಗ ಒಂದೂವರೆ ಗಂಟೆ ತಡವಾಗಿತ್ತು. ದೇವರು ದೊಡ್ಡವನು, ಅಪ್ಪ ಉಳಿದರು.

ಮೂರು ದಿನ ಬಿಟ್ಟು ಮೆಕ್ಯಾನಿಕ್ ಬಂದು, ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ತೂರಿದರು. ಎರಡು ನಿಮಿಷಕ್ಕೆ ಹೊರಗೆ ಬಂದು "ಮುಂದಿನ ಶಾಫ್ಟೇ ಇಲ್ವಲ್ಲ ಮಾರಾಯ್ರೇ" ಅಂದರು. ನಾನೂ ಮಲಗಿ ನೋಡಿದೆ. ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ, ಮುಂದಿನ ಎರಡು ಚಕ್ರಗಳ ನಡುವಿನ ಗೇರ್ ಪೆಟ್ಟಿಗೆಗೆ, ಅಂದರೆ ಹೌಸಿಂಗಿಗೆ, ಹೋಗಬೇಕಾದ ಪ್ರೊಪೆಲ್ಲರ್ ಶಾಫ್ಟ್ ಎಂಬ ತಿರುಗುವ ಕಂಬಿಯ ಜಾಗ ಖಾಲಿ. ಅದನ್ನು ಬೋಲ್ಟ್ ಹಾಕಿ ಕೂರಿಸುವ ಎರಡು ತುದಿಯ ಫ್ಲ್ಯಾಂಜ್ ಮಾತ್ರ ಉಳಿದಿದ್ದವು. ಬೋಲ್ಟ್ ತೂತುಗಳಲ್ಲಿ ಕೆಸರು ಒಣಗಿ ಕಲ್ಲಾಗಿತ್ತು. ಅಂದರೆ ಶಾಫ್ಟ್ ಬಿಚ್ಚಿ ವರ್ಷಗಳೇ ಆಗಿದ್ದವು. ಮೈಲೇಜ್ ಸ್ವಲ್ಪ ಜಾಸ್ತಿ ಬರಲಿ ಅಂತ ಕೆಲವರು ಹೀಗೆ ಬಿಚ್ಚಿಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಬಿಚ್ಚಿದ್ದು ತಪ್ಪಲ್ಲ. "ಫೋರ್ ಬೈ ಫೋರ್, ಫುಲ್ ಕಂಡೀಷನ್" ಅಂತ ಹೇಳಿ ನನಗೆ ಮಾರಿದ್ದು ತಪ್ಪು. ಮಾರಿದವರ ಹೆಸರು, ಗಾಡಿಯ ಹೆಸರು ಎರಡೂ ಇಲ್ಲಿ ಬೇಡ. ಗಾಡಿ ಮಾಡಿದವರದ್ದು ಇದರಲ್ಲಿ ಏನೂ ತಪ್ಪಿಲ್ಲ.

ಅವತ್ತಿನಿಂದ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡಲು ಯಾರು ಕರೆದರೂ ಹೋಗುತ್ತೇನೆ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಗಾಡಿ ಒಳ್ಳೇದು? ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಒಂದೇ ಹೆಸರಿನ ಗಾಡಿ ಒಂದು ವರ್ಷ ಒಂದು ಥರ, ಮೂರು ವರ್ಷ ಬಿಟ್ಟು ಇನ್ನೊಂದು ಥರ. ಎಂಜಿನ್ ಬದಲಾಗಿರುತ್ತದೆ, ಗೇರ್‌ಬಾಕ್ಸ್ ಬದಲಾಗಿರುತ್ತದೆ, ಎಂಜಿನ್ ತಿರುಗಿಸುವ ಚಕ್ರಗಳೇ ಬದಲಾಗಿರುತ್ತವೆ. ಹಾಗಾಗಿ ನಾನು ತಿರುಗಿಸಿ ಕೇಳುವುದು ಇಷ್ಟೇ. ನಿಮ್ಮ ಮನೆಗೆ ಹೋಗುವ ಕೊನೇ ಒಂದು ಕಿಲೋಮೀಟರ್ ಮಳೆಗಾಲದಲ್ಲಿ ಹೇಗಿರುತ್ತದೆ? ಅದು ಗೊತ್ತಾದರೆ ಯಾವ ಚಕ್ರ ತಿರುಗಬೇಕು ಅಂತ ಗೊತ್ತಾಗುತ್ತದೆ. ಅದು ಗೊತ್ತಾದ ಮೇಲೆ ಯಾವ ವರ್ಷದ್ದು ಅಂತ ಹುಡುಕಬೇಕು. ನಾವೆಲ್ಲ ಮಾಡುವುದು ಉಲ್ಟಾ. ಬಣ್ಣ, ರೇಟು, ಸೀಟ್ ಕವರ್ ನೋಡಿ ಮನಸ್ಸು ಮಾಡಿ, ಆಮೇಲೆ ಮನೆಯ ಏರು ನೆನಪು ಮಾಡಿಕೊಳ್ಳುತ್ತೇವೆ.

ರೆನೋ ಕಂಪನಿಯ ಡಸ್ಟರ್ ಉದಾಹರಣೆ ತಗೊಳ್ಳಿ. ಮಲೆನಾಡಿನಲ್ಲಿ ಈಗಲೂ ಜನ ಹುಡುಕುವ ಗಾಡಿ ಅದು. ನಮ್ಮಲ್ಲಿಗೆ ಬಂದದ್ದು 2012ರ ಜುಲೈನಲ್ಲಿ. ಆದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಎಡಬ್ಲ್ಯುಡಿ ಬಂದದ್ದು 2014ರ ಸೆಪ್ಟೆಂಬರಿನಲ್ಲಿ. ಅದೂ 110 ಪಿಎಸ್ ಡೀಸೆಲ್, ಆರು ಗೇರಿನ ಮ್ಯಾನ್ಯುಯಲ್‌ನಲ್ಲಿ ಮಾತ್ರ. 2020ರಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದಾಗ ಡೀಸೆಲ್ ನಿಂತಿತು, ಜೊತೆಗೆ ಎಡಬ್ಲ್ಯುಡಿಯೂ ಹೋಯಿತು. ಆಮೇಲೆ 2022ರವರೆಗೆ ಮಾರಿದ್ದೆಲ್ಲ ಮುಂದಿನ ಚಕ್ರದ ಪೆಟ್ರೋಲ್. ಹಾಗಾಗಿ "2013ರ ಡಸ್ಟರ್ ಫೋರ್ ವೀಲ್ ಇದೆ" ಅಂತ ಯಾರಾದರೂ ಹೇಳಿದರೆ ಅಲ್ಲೇ ನಮಸ್ಕಾರ ಹೇಳಿ ಬನ್ನಿ. ಅಂಥ ಗಾಡಿಯನ್ನು ಕಂಪನಿ ಇಲ್ಲಿ ಮಾರಿಯೇ ಇಲ್ಲ. ಅದೇ ಎಂಜಿನ್ ಹಾಕಿಕೊಂಡು ಬಂದ ನಿಸ್ಸಾನ್ ಟೆರಾನೋದಲ್ಲೂ ನಮ್ಮ ದೇಶದಲ್ಲಿ ಎಡಬ್ಲ್ಯುಡಿ ಇರಲಿಲ್ಲ.

ಆ ಎಡಬ್ಲ್ಯುಡಿ ಡಸ್ಟರ್ ನನಗೆ ಬಹಳ ಇಷ್ಟ. ಅದರಲ್ಲಿ ಲೋ ಗೇರ್ ಇಲ್ಲ. ಆದರೆ ಮೊದಲನೇ ಗೇರನ್ನೇ ತುಂಬ ನಿಧಾನದ್ದು ಮಾಡಿದ್ದಾರೆ. ಕ್ಲಚ್ ಪೂರ್ತಿ ಬಿಟ್ಟು, ಆಕ್ಸಲರೇಟರ್ ಮೇಲೆ ಕಾಲಿಡದೆ, ಆಳು ನಡೆದ ಹಾಗೆ ಏರು ಹತ್ತುತ್ತದೆ. ಗುಂಡಿ ತಿರುಗಿಸಿದರೆ ಮೂರು ಆಯ್ಕೆ: ಟೂ ವೀಲ್, ಆಟೋ, ಲಾಕ್. ಹಿಂದಿನ ಸಸ್ಪೆನ್ಷನ್ ಕೂಡ ಟೂ ವೀಲ್ ಡಸ್ಟರಿಗಿಂತ ಬೇರೆ, ಎರಡೂ ಕಡೆಯ ಚಕ್ರ ಬಿಡಿಬಿಡಿಯಾಗಿ ಆಡುತ್ತವೆ. ಕಲ್ಲುಗುಂಡಿ ದಾರಿಯಲ್ಲಿ ಹಿಂದೆ ಕೂತವರಿಗೆ ಅದು ಗೊತ್ತಾಗುತ್ತದೆ. ಕೊಳ್ಳುವಾಗ ಒಂದು ಮಾತ್ರ ಮರೆಯಬೇಡಿ. ಆ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್, ಅಂದರೆ ವಾಲ್ವ್ ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಲೆಕ್ಕ, ಇರುವುದು ಬೆಲ್ಟಿನ ಮೇಲೆ. ಬೆಲ್ಟ್ ಹರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಎಂಜಿನ್ ಕಥೆ ಮುಗಿಯುತ್ತದೆ. ಬದಲಾಯಿಸಿದ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ತಿಳಿದು ಆ ಖರ್ಚನ್ನು ರೇಟಿನಲ್ಲಿ ಮುರಿದುಕೊಳ್ಳಿ.

ಫಾರ್ಚೂನರ್ ವಿಷಯದಲ್ಲೂ ವರ್ಷ ಗೊತ್ತಿರಬೇಕು. 2009ರಲ್ಲಿ ಬಂದಾಗ 3.0 ಲೀಟರ್ ಡೀಸೆಲ್, ಯಾವಾಗಲೂ ನಾಲ್ಕೂ ಚಕ್ರ ತಿರುಗುವ ಗಾಡಿ. 2012ರಿಂದ ಹಿಂದಿನ ಚಕ್ರ ಮಾತ್ರ ತಿರುಗುವ 4x2 ಕೂಡ ಬಂತು. ಹೊರಗಿನಿಂದ ನೋಡಿದರೆ ಅದೇ ಗತ್ತು, ಅದೇ ಎತ್ತರ. 2016ರ ನವೆಂಬರಿನಲ್ಲಿ ಬಂದ ಹೊಸ ಪೀಳಿಗೆಯಲ್ಲಿ 2.8 ಎಂಜಿನ್. ಅದರ 4x4ನಲ್ಲಿ ಬೇಕಾದಾಗ ಮಾತ್ರ ಗುಂಡಿ ತಿರುಗಿಸಿ ಮುಂದಿನ ಚಕ್ರ ಸೇರಿಸಿಕೊಳ್ಳಬೇಕು. ಥಾರ್ ಇನ್ನೂ ಮೋಸ ಹೋಗುವ ಜಾಗ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್ ಎಲ್ಲವೂ 4x4. 2023ರ ಜನವರಿಯಿಂದ ಹಿಂದಿನ ಚಕ್ರದ್ದೂ ಬಂತು. ನೋಡಿದರೆ ಅದೂ ಥಾರೇ. ನಮ್ಮೂರಿನ ಒಬ್ಬ ಹುಡುಗ ರೇಟು ಕಮ್ಮಿ ಸಿಕ್ಕಿತು ಅಂತ ಖುಷಿಯಲ್ಲಿ ತಂದ. ಒಳಗೆ ಕೂತು ನೋಡಿದರೆ ಎರಡನೇ ಲಿವರ್ರೇ ಇಲ್ಲ. ಅವನಿಗೆ ಆದ ಬೇಜಾರು ನೋಡಿ ನನಗೂ ಸಂಕಟವಾಯಿತು.

ಬಳಸಿದ ಜಿಮ್ನಿಯಲ್ಲಿ ಈ ಗೊಂದಲ ಇಲ್ಲ. 2023ರ ಜೂನಿನಿಂದ ಇಲ್ಲಿ ಮಾರಿದ ಎಲ್ಲದರಲ್ಲೂ ಲೋ ಗೇರ್ ಸಮೇತ 4x4 ಇದೆ. ಚಿಕ್ಕ ದಾರಿಗೆ, ಚಿಕ್ಕ ಸಂಸಾರಕ್ಕೆ ಒಳ್ಳೆಯದು. ಹ್ಯಾರಿಯರ್, ಕ್ರೆಟಾ, ಬ್ರೆಜಾ, ನೆಕ್ಸಾನ್ ಎತ್ತರ ಎಷ್ಟೇ ಇರಲಿ, ಸೆಕೆಂಡ್ ಹ್ಯಾಂಡಿನಲ್ಲಿ ನೀವು ನೋಡುವ ಡೀಸೆಲ್, ಪೆಟ್ರೋಲ್ ಗಾಡಿಗಳೆಲ್ಲ ಮುಂದಿನ ಚಕ್ರದವೇ.

ಮುಂದಿನ ಚಕ್ರದ್ದು ಅಂದರೆ ಕೆಟ್ಟದ್ದು ಅಂತಲ್ಲ. ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಪಾಚಿ ಹಿಡಿದ ಜಾಗದಲ್ಲಿ ಜಾರುತ್ತದೆ. ಅಷ್ಟೇ. ಹಿಂದಿನ ಚಕ್ರದ್ದು ಲೋಡ್ ಇದ್ದಾಗ ಏರಿನಲ್ಲಿ ಚೆನ್ನಾಗಿ ಕಚ್ಚಿ ಹಿಡಿಯುತ್ತದೆ, ಖಾಲಿ ಇದ್ದಾಗ ಕೆಸರಿನಲ್ಲಿ ಬಾಲ ಆಡಿಸುತ್ತದೆ. ಬೊಲೆರೊ ಓಡಿಸಿದವರಿಗೆ ಇದು ಅಂಗೈ ಗೆರೆಯಷ್ಟು ಗೊತ್ತು. ನಿಮ್ಮ ಮನೆವರೆಗೆ ಕಾಂಕ್ರೀಟ್ ಆಗಿದ್ದರೆ, ಅಥವಾ ನೀವು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದು ವರ್ಷಕ್ಕೆ ಎರಡು ಸಲ ಊರಿಗೆ ಬರುವವರಾದರೆ, 4x4ಗೆ ದುಡ್ಡು ಸುರಿಯಬೇಡಿ. ಬಳಸದೆ ಬಿಟ್ಟ 4x4 ಬಳಸಿದ್ದಕ್ಕಿಂತ ಬೇಗ ಹಾಳಾಗುತ್ತದೆ. ಲಿವರ್ ಹಿಡಿದುಕೊಳ್ಳುತ್ತದೆ, ಸ್ವಿಚ್ ಇರುವ ಗಾಡಿಯಲ್ಲಿ ಅದನ್ನು ತಿರುಗಿಸುವ ಮೋಟಾರ್ ತುಕ್ಕು ಹಿಡಿಯುತ್ತದೆ. ಆ ದುಡ್ಡಿಗೆ ನಾಲ್ಕು ಒಳ್ಳೆಯ ಟೈರ್ ಹಾಕಿಸಿ.

ಇನ್ನು ವರ್ಷ. ಡೀಸೆಲ್ ತಗೊಳ್ಳುವವರಿಗೆ 2020ರ ಏಪ್ರಿಲ್ 1 ದೊಡ್ಡ ಗೆರೆ. ಅವತ್ತಿನಿಂದ ಬಿಎಸ್ 6. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಂತು. ಅದು ತುಂಬಿದಾಗ ತನ್ನಷ್ಟಕ್ಕೆ ಮಸಿ ಸುಟ್ಟುಕೊಳ್ಳಬೇಕು. ಅದಕ್ಕೆ ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಬೇಕು, ಗಾಡಿ ಸ್ವಲ್ಪ ಹೊತ್ತು ಒಂದೇ ಹದದಲ್ಲಿ ಓಡಬೇಕು. ದಿನಾ ಮೂರು ಕಿಲೋಮೀಟರ್ ಪೇಟೆಗೆ ಹೋಗಿ ಬರುವವರ ಗಾಡಿಯಲ್ಲಿ ಅದು ಆಗುವುದಿಲ್ಲ. ದೀಪ ಹತ್ತುತ್ತದೆ, ಗಾಡಿ ಎಳೆಯುವುದಿಲ್ಲ, ಶೋರೂಮಿಗೆ ಓಡಬೇಕು. ಅಂಥವರಿಗೆ ನಾನು ಹೇಳುವುದು 2017ರಿಂದ 2019ರ ನಡುವಿನ ಡೀಸೆಲ್, ಇಲ್ಲವೇ ಪೆಟ್ರೋಲ್. ವಾರಕ್ಕೊಮ್ಮೆ ಶಿವಮೊಗ್ಗ, ತಿಂಗಳಿಗೊಮ್ಮೆ ಮಂಗಳೂರು ಅಂತ ಓಡಾಡುವವರಿಗೆ ಬಿಎಸ್ 6 ಡೀಸೆಲ್ ಏನೂ ತೊಂದರೆ ಕೊಡುವುದಿಲ್ಲ. ಪೆಟ್ರೋಲ್ ತಗೊಳ್ಳುವವರು 2023ರ ಏಪ್ರಿಲ್ ನಂತರದ್ದು ಸಿಕ್ಕರೆ ಬಿಡಬೇಡಿ. ಅಲ್ಲಿಂದ ಈಚಿನ ಗಾಡಿಗಳ ಪೈಪು, ರಬ್ಬರು 20 ಪರ್ಸೆಂಟ್ ಎಥನಾಲ್ ತಡೆಯುವಂತೆ ಮಾಡಿದ್ದು. ಈಗ ಬಂಕಿನಲ್ಲಿ ಸಿಗುತ್ತಿರುವುದು ಅದೇ ತಾನೇ.

ಯಾವ ಮಾಡೆಲ್ಲೇ ಇರಲಿ, ಬಂದ ಮೊದಲನೇ ವರ್ಷದ ಗಾಡಿ ನಾನು ಮುಟ್ಟುವುದಿಲ್ಲ. ಸಣ್ಣಪುಟ್ಟ ತಪ್ಪುಗಳನ್ನು ಕಂಪನಿ ಸರಿಮಾಡಿಕೊಳ್ಳುವುದು ಎರಡನೇ, ಮೂರನೇ ವರ್ಷದಲ್ಲಿ. ಅದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಮತ್ತೆ ವರ್ಷ ಅಂದರೆ ರಿಜಿಸ್ಟ್ರೇಷನ್ ಆದ ವರ್ಷ ಅಲ್ಲ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಬೇರೆಯೇ ಇರುತ್ತದೆ. 2020ರ ಗಾಡಿ ಅಂತ ತೋರಿಸಿದ್ದು 2019ರ ಆಗಸ್ಟಿನಲ್ಲಿ ತಯಾರಾದದ್ದು ಇರಬಹುದು. ಒಂದು ವರ್ಷದ ವ್ಯತ್ಯಾಸಕ್ಕೆ ಎಷ್ಟು ದುಡ್ಡು ಅಂತ ನೀವೇ ಲೆಕ್ಕ ಹಾಕಿ.

ದೆಹಲಿ ಗಾಡಿ ಅಗ್ಗ ಅಂತ ಹೋಗುವವರೂ ಇದ್ದಾರೆ. ಹತ್ತು ವರ್ಷ ದಾಟಿದ ಡೀಸೆಲ್‌ಗೆ ಅಲ್ಲಿ ನಿರ್ಬಂಧ ಹಾಕಿದ್ದರಿಂದ ಅಗ್ಗಕ್ಕೆ ಕೊಡುತ್ತಿದ್ದರು, ನಿಜ. ಆದರೆ ಎನ್‌ಒಸಿ ತಂದು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ, ಕೆಎ ನಂಬರ್ ಆಗುವಷ್ಟರಲ್ಲಿ ಉಳಿದದ್ದು ಎಷ್ಟು ಅಂತ ಮೊದಲೇ ಕೂಡಿಸಿ ನೋಡಿ.

ನನಗೆ ಹೆಚ್ಚು ಭಯ ಇರುವುದು ನೀರು ಕುಡಿದ ಗಾಡಿಗಳ ಬಗ್ಗೆ. 2015ರ ಕೊನೆಯಲ್ಲಿ ಚೆನ್ನೈ ಮುಳುಗಿತು. 2018ರ ಆಗಸ್ಟಿನಲ್ಲಿ ಕೇರಳ, ಕೊಡಗು. ಆ ಗಾಡಿಗಳೆಲ್ಲ ಗುಜರಿಗೆ ಹೋಗಿರುತ್ತವೆ ಅಂತ ತಿಳಿಯಬೇಡಿ. ಡ್ರೈವರ್ ಸೀಟಿನ ಬೆಲ್ಟ್ ಕೊನೆವರೆಗೂ ಎಳೆದು ನೋಡಿ. ಯಾರೂ ಅಷ್ಟು ಉದ್ದ ಎಳೆಯುವುದಿಲ್ಲ, ಹಾಗಾಗಿ ಯಾರೂ ಅಲ್ಲಿ ತೊಳೆಯುವುದಿಲ್ಲ. ಕಂದು ಬಣ್ಣದ ಗೆರೆ ಕಂಡರೆ ಅದು ನೀರು ನಿಂತ ಗುರುತು. ಸೀಟಿನ ಕೆಳಗಿನ ಕಂಬಿಯಲ್ಲಿ ತುಕ್ಕು ಇದೆಯಾ ಅಂತ ಬೆರಳಾಡಿಸಿ.

ಫೋರ್ ವೀಲ್ ನಿಜಕ್ಕೂ ಕೆಲಸ ಮಾಡುತ್ತದೆಯಾ ಅಂತ ನೋಡುವುದು ಕಷ್ಟವಲ್ಲ. ಲಿವರ್ ಅಥವಾ ಗುಂಡಿಯಿಂದ ಮುಂದಿನ ಚಕ್ರ ಸೇರಿಸುವ ಗಾಡಿಯಾದರೆ, ಜಲ್ಲಿ ಅಥವಾ ಮಣ್ಣಿನ ಮೈದಾನಕ್ಕೆ ತಗೊಂಡು ಹೋಗಿ. ಮೊದಲು ಟೂ ವೀಲ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಒಂದು ಸುತ್ತು ಹೊಡೆಯಿರಿ. ಆಮೇಲೆ ಫೋರ್ ವೀಲ್‌ಗೆ ಹಾಕಿ ಅದೇ ಸುತ್ತು. ಈಗ ಸ್ಟೇರಿಂಗ್ ಬಿಗಿಯಾಗಬೇಕು, ಗಾಡಿ ತಡೆದು ತಡೆದು ಹೋದಂತೆ ಆಗಬೇಕು. ಅದು ರೋಗ ಅಲ್ಲ, ಮುಂದಿನ ಹಿಂದಿನ ಚಕ್ರ ಒಟ್ಟಿಗೆ ಕಟ್ಟಿಕೊಂಡಿರುವ ಲಕ್ಷಣ. ಎರಡೂ ಸುತ್ತು ಒಂದೇ ಥರ ಬೆಣ್ಣೆಯ ಹಾಗೆ ಹೋದರೆ ಮುಂದೆ ಏನೂ ಸೇರಿಲ್ಲ ಅಂತ ಅರ್ಥ. ಒಣ ಟಾರ್ ಮೇಲೆ ಮಾತ್ರ ಈ ಪರೀಕ್ಷೆ ಮಾಡಬೇಡಿ, ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಆಮೇಲೆ ಮೆಕ್ಯಾನಿಕ್ ಕೈಯಲ್ಲಿ ಹೌಸಿಂಗ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ನೀರು ಹೋಗಿದೆ. ಬೆರಳಿನ ಮಧ್ಯೆ ಉಜ್ಜಿದಾಗ ಮಿನುಗುವ ಚೂರು ಸಿಕ್ಕಿದರೆ ಗೇರಿನ ಹಲ್ಲು ಸವೆಯುತ್ತಿದೆ. ಎಡಬ್ಲ್ಯುಡಿ ಗಾಡಿಯಲ್ಲಿ ನಾಲ್ಕೂ ಟೈರ್ ಒಂದೇ ಸೈಜು, ಒಂದೇ ಸವೆತ ಇರಬೇಕು. ಎರಡು ಹೊಸದು ಎರಡು ಬೋಳು ಇದ್ದರೆ ಮುಂದಿನ ಹಿಂದಿನ ಚಕ್ರ ಜೋಡಿಸುವ ಕಪ್ಲಿಂಗ್ ಸುಮ್ಮನೆ ದುಡಿದು ದುಡಿದು ಸಾಯುತ್ತದೆ.

ನಮ್ಮ ಏರಿಗೆ ಈಗಲೂ ಕಾಂಕ್ರೀಟ್ ಆಗಿಲ್ಲ. ಆ ಜುಲೈ ಆದ ಮೇಲೆ ಹಳೇ ಶಾಫ್ಟ್ ಹುಡುಕಿ ಹಾಕಿಸಿದೆ. ಅಪ್ಪ ಈಗಲೂ ಗಾಡಿ ಹತ್ತುವಾಗ ಬಾಗಿ ಅಡಿಗೆ ಒಮ್ಮೆ ನೋಡುತ್ತಾರೆ.

ಈ ಭಾನುವಾರ ಶಿವಮೊಗ್ಗಕ್ಕೆ ಹೋಗುತ್ತಿದ್ದೇನೆ. ಚಿಕ್ಕಮ್ಮನ ಮಗನಿಗೆ ಒಂದು 2016ರ ಡಸ್ಟರ್ ಎಡಬ್ಲ್ಯುಡಿ ನೋಡುವುದಿದೆ. ಮಾರುವವರು ಹದಿನಾಲ್ಕು ಫೋಟೋ ಕಳಿಸಿದ್ದಾರೆ. ಸೀಟು, ಮ್ಯೂಸಿಕ್ ಸಿಸ್ಟಂ, ಅಲಾಯ್ ವೀಲ್, ಡಿಕ್ಕಿ ಎಲ್ಲ ಇದೆ. ಅಡಿಯಿಂದ ತೆಗೆದದ್ದು ಒಂದೂ ಇಲ್ಲ. ಇನ್ನೊಂದು ಫೋಟೋ ಕಳಿಸಿ ಅಂತ ಕೇಳಿದ್ದೇನೆ. ಗೋಣಿಚೀಲ, ಟಾರ್ಚ್ ಎರಡೂ ಈಗಲೇ ಡಿಕ್ಕಿಗೆ ಹಾಕಿಟ್ಟಾಗಿದೆ.